ಪ್ಯಾನೆಲ್ ಡಬ್ಬಿಗೆ ಸೈಟಿನಲ್ಲಿ ಹೊಸ ತೂತು ಹೊಡೆಯುವಾಗ: ನೀರು, ಧೂಳು ಒಳಗೆ ಬರದಂತೆ ಮಾಡುವ ರೀತಿ

ಮುಧೋಳದ ಕಡೆ ಒಂದು ಕಬ್ಬಿನ ಹೊಲ. ಬೋರ್‌ವೆಲ್ ಸ್ಟಾರ್ಟರ್ ಕೂಡಿಸಿ ಒಂದು ವರ್ಷವೂ ಆಗಿರಲಿಲ್ಲ. ಐಪಿ 55 (ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ನಂಬರ್) ಅಂತ ಸ್ಟಿಕ್ಕರ್ ಇದ್ದ ಒಳ್ಳೆಯ ಡಬ್ಬಿ, ಬಾಗಿಲಿನ ರಬ್ಬರ್ ಪಟ್ಟಿ ಕೂಡ ಹೊಸದರ ಹಾಗೇ ಇತ್ತು. ಮಿರಗದ ಮಳೆ ಎರಡು ದಿನ ಜೋರಾಗಿ ಬಿದ್ದ ಮೇಲೆ ಮೋಟರ್ ಏಳಲಿಲ್ಲ. ಬಾಗಿಲು ತೆಗೆದು ನೋಡಿದರೆ ಮೋಟರಿಗೆ ಕರೆಂಟ್ ಕೂಡಿಸುವ ಕಾಂಟ್ಯಾಕ್ಟರ್ ತಲೆಯ ಮೇಲೆ ನೀರಿನ ಹನಿ ಸಾಲಾಗಿ ಕೂತಿವೆ, ಲೋಡ್ ಜಾಸ್ತಿ ಆದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ಸ್ಕ್ರೂಗಳಿಗೆ ತುಕ್ಕು ಹಿಡಿದಿದೆ, ತಳದಲ್ಲಿ ಬೆರಳು ಅದ್ದುವಷ್ಟು ನೀರು ನಿಂತಿದೆ. ಹೊಲದ ಕಾಕಾ ಪಕ್ಕದಲ್ಲೇ ನಿಂತು ಕೇಳಿದರು, "ತಮ್ಮಾ, ಡಬ್ಬಿ ಹೊಸಾದೈತಿ, ಬಾಗಲಾ ಗಟ್ಟಿ ಐತಿ, ನೀರ ಎಲ್ಲಿಂದ ಬಂತೋ?"

ನೀರು ಬಾಗಿಲಿನಿಂದ ಬಂದಿರಲಿಲ್ಲ. ಟ್ಯಾಂಕಿನ ಫ್ಲೋಟ್ ಸ್ವಿಚ್ ವೈರ್ ತರಬೇಕು ಅಂತ ಯಾರೋ ಡಬ್ಬಿಯ ತಲೆಗೇ ಒಂದು ತೂತು ಹೊಡೆದು, ವೈರ್ ತೂರಿಸಿ, ಸುತ್ತಲೂ ಕಪ್ಪು ಟೇಪ್ ಸುತ್ತಿ ಹೋಗಿದ್ದರು. ಬೇಸಿಗೆ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರಿತ್ತು. ಮಳೆ ನೀರು ಆ ವೈರನ್ನೇ ಹಿಡಿದುಕೊಂಡು ನೇರ ಕಾಂಟ್ಯಾಕ್ಟರ್ ಮೇಲೆ ಇಳಿದಿತ್ತು.

ಡಬ್ಬಿ ಮೇಲಿನ ಐಪಿ ನಂಬರ್ ಇರುತ್ತದಲ್ಲ, ಅದು ಫ್ಯಾಕ್ಟರಿಯಿಂದ ಹೊರಟ ಡಬ್ಬಿಯದ್ದು. ನೀವು ಡ್ರಿಲ್ ಹಚ್ಚಿದ ಮೇಲೆ ಆ ನಂಬರ್ ಉಳಿಯುವುದೂ ಹೋಗುವುದೂ ನಿಮ್ಮ ಕೈಯಲ್ಲಿ. ಐಪಿ 55 ಡಬ್ಬಿಗೆ ಐಪಿ 40 ಫಿಟಿಂಗ್ ಹಾಕಿದರೆ ಇಡೀ ಡಬ್ಬಿ ಐಪಿ 40 ಆಯಿತು, ಉಳಿದ ಐದು ಬದಿ ಎಷ್ಟೇ ಗಟ್ಟಿ ಇದ್ದರೂ. ಹಾಗಂತ ಸೈಟಿನಲ್ಲಿ ತೂತು ಹೊಡೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಕೆಲಸ ಅಂದ ಮೇಲೆ ಒಂದು ಸೆನ್ಸರ್, ಒಂದು ಲೈಟ್, ಒಂದು ಹೊಸ ಮೋಟರ್ ಬರುತ್ತಲೇ ಇರುತ್ತದೆ. ಹೊಡೆಯುವ ರೀತಿ ಗೊತ್ತಿದ್ದರೆ ನಂಬರ್ ಹಾಗೇ ಉಳಿಯುತ್ತದೆ.

ಮೊದಲು ಆ ಎರಡು ಅಂಕಿ

ಇದು ಐಇಸಿ 60529 ಅನ್ನುವ ಸ್ಟ್ಯಾಂಡರ್ಡ್‌ನ ಲೆಕ್ಕ, ನಮ್ಮ ದೇಶದಲ್ಲೂ ಅದನ್ನೇ ಐಎಸ್ ಸ್ಟ್ಯಾಂಡರ್ಡ್ ಆಗಿ ತೆಗೆದುಕೊಂಡಿದ್ದಾರೆ. ಮೊದಲನೇ ಅಂಕಿ ಗಟ್ಟಿ ವಸ್ತು ಮತ್ತು ಧೂಳಿಗೆ, ಎರಡನೇ ಅಂಕಿ ನೀರಿಗೆ. ಮೊದಲ ಅಂಕಿ 2 ಅಂದರೆ ಬೆರಳು ಹೋಗಬಾರದು, 4 ಅಂದರೆ 1 ಎಂಎಂ ತಂತಿಯೂ ಹೋಗಬಾರದು. 5 ಅಂದರೆ ಧೂಳು ಸ್ವಲ್ಪ ಹೋದರೂ ಒಳಗಿನ ಕೆಲಸ ಕೆಡುವಷ್ಟು ಹೋಗಬಾರದು, 6 ಅಂದರೆ ಧೂಳು ಹೋಗಲೇಬಾರದು. ನೀರಿನ ಅಂಕಿ 4 ಅಂದರೆ ಎಲ್ಲ ಕಡೆಯಿಂದ ಎರಚಿದ ನೀರು ತಡೆಯಬೇಕು. 5 ಅಂದರೆ 6.3 ಎಂಎಂ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಹೊಡೆದರೂ ತಡೆಯಬೇಕು, 6 ಅಂದರೆ 12.5 ಎಂಎಂ ನಳಿಕೆಯಿಂದ ನಿಮಿಷಕ್ಕೆ 100 ಲೀಟರ್. 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಏನೂ ಆಗಬಾರದು.

ನಮ್ಮ ಕಡೆ ಯಾವ ಅಂಕಿ ಜಾಸ್ತಿ ಮುಖ್ಯ ಅನ್ನುವುದು ಊರಿನ ಮೇಲೆ, ಕೆಲಸದ ಮೇಲೆ ಹೋಗುತ್ತದೆ. ಖಾನಾಪುರದ ಕಡೆ ಮಳೆ ಗಾಳಿ ಜೊತೆ ಅಡ್ಡಡ್ಡ ಬಡಿಯುತ್ತದೆ, ಅಲ್ಲಿ ನೀರಿನ ಅಂಕಿ ಮುಖ್ಯ. ವಿಜಯಪುರದ ಕಡೆ ಮಳೆ ಕಡಿಮೆ, ಆದರೆ ಬೇಸಿಗೆಯ ಗಾಳಿಗೆ ಏಳುವ ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ಸಣ್ಣ. ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಸುಣ್ಣದ ಪುಡಿ, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕಲ್ಲಿನ ರಾಡಿ, ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಹತ್ತಿಯ ಎಳೆ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಿ ಬೀಡು ಕಬ್ಬಿಣದ ಪುಡಿ ಹಾರುತ್ತದೆ. ಅದು ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದ್ರೆ ಆ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಎರಡು ಟರ್ಮಿನಲ್ ನಡುವೆ ತೆಳ್ಳಗೆ ಕೂತರೂ ಸಾಕು.

ಹೊರದೇಶದ ಮಷಿನ್ ಜೊತೆ ಬಂದ ಪ್ಯಾನೆಲ್ ಮೇಲೆ ಐಪಿ ಬದಲು ನೆಮಾ 3ಆರ್, 4, 4ಎಕ್ಸ್, 12 ಅಂತ ಬರೆದಿರಬಹುದು. ಅದು ಅಮೆರಿಕದ ಲೆಕ್ಕ. ಐಪಿ ಜೊತೆ ಹೋಲಿಸಿ ನೋಡಬಹುದು, ಆದರೆ ಎರಡೂ ಒಂದೇ ಅಲ್ಲ. ನೆಮಾದಲ್ಲಿ ತುಕ್ಕಿನಂಥ ಬೇರೆ ಪರೀಕ್ಷೆಗಳೂ ಸೇರಿವೆ. ಅಂಥ ಡಬ್ಬಿಗೆ ಅದೇ ಟೈಪ್ ಬರೆದಿರುವ ಫಿಟಿಂಗ್ ತರಿಸಿ.

ಡಬ್ಬಿ ಉಸಿರಾಡುತ್ತದೆ

ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಕಬ್ಬಿಣದ ಡಬ್ಬಿ ಮುಟ್ಟಿದರೆ ಕೈ ಸುಡುತ್ತದೆ. ಒಳಗಿನ ಗಾಳಿ ಹಿಗ್ಗಿ ಸಂದಿಗಳಿಂದ ಹೊರಗೆ ಹೋಗುತ್ತದೆ. ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಒಮ್ಮೆಲೇ ಮಳೆ ಬಿತ್ತು ಅನ್ನಿ, ಡಬ್ಬಿ ಫಕ್ಕನೆ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಗ್ಲ್ಯಾಂಡಿನ (ಕೇಬಲ್ ಒಳಗೆ ಬರುವ ತೂತಿಗೆ ಹಾಕಿ ಬಿಗಿಯುವ ಫಿಟಿಂಗ್) ಸುತ್ತ ನೀರಿನ ಒಂದು ತೆಳು ಪದರ ನಿಂತಿದ್ದರೆ ಗಾಳಿಯ ಜೊತೆ ಅದೂ ಒಳಗೆ. ಕೂದಲೆಳೆಯಷ್ಟು ಸಂದಿಯಿಂದ ಇಷ್ಟು ನೀರು ಹೇಗೆ ಬಂತು ಅಂತ ಎಷ್ಟೋ ಜನ ತಲೆ ಕೆಡಿಸಿಕೊಳ್ಳುತ್ತಾರೆ. ನೀರು ತಾನಾಗಿ ಬಂದಿಲ್ಲ, ಡಬ್ಬಿಯೇ ಹೀರಿಕೊಂಡಿದೆ. ದಿನಕ್ಕೊಮ್ಮೆ ಹೀಗಾದರೆ ಒಂದು ಮಳೆಗಾಲಕ್ಕೆ ಎಷ್ಟು ಸಲ ಆಗಬಹುದು, ಲೆಕ್ಕ ಹಾಕಿ ನೋಡಿ.

ಹೊಡೆಯುವ ಮುಂಚೆ

ತೂತು ನಿಜವಾಗಲೂ ಬೇಕಾ ನೋಡಿ. ಬಹಳಷ್ಟು ಡಬ್ಬಿಗಳಿಗೆ ತಳದಲ್ಲಿ ಬಿಚ್ಚಿ ಹಾಕುವ ಗ್ಲ್ಯಾಂಡ್ ಪ್ಲೇಟ್ ಇರುತ್ತದೆ, ಅದರಲ್ಲಿ ಡಮ್ಮಿ ಪ್ಲಗ್ ಹಾಕಿ ಮುಚ್ಚಿದ ತೂತು ಕೂಡ ಇರಬಹುದು. ಇಲ್ಲದಿದ್ದರೂ ಪ್ಲೇಟ್ ಬಿಚ್ಚಿ, ಹೊರಗೆ ವೈಸಿಗೆ ಕಟ್ಟಿ ತೂತು ಹೊಡೆದು, ಮತ್ತೆ ಕೂಡಿಸಿ. ಕಬ್ಬಿಣದ ಒಂದು ಚೂರೂ ಪ್ಯಾನೆಲ್ ಒಳಗೆ ಬೀಳುವುದಿಲ್ಲ. ಪ್ಲೇಟ್ ಕೆಟ್ಟರೆ ಪ್ಲೇಟ್ ಒಂದನ್ನೇ ಬದಲಿಸಬಹುದು, ಡಬ್ಬಿ ಕೆಟ್ಟರೆ ಏನು ಮಾಡುತ್ತೀರಿ? ಮತ್ತೆ ಕೂಡಿಸುವಾಗ ಪ್ಲೇಟ್ ಅಡಿಯ ಗ್ಯಾಸ್ಕೆಟ್ ನೋಡಿ. ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಿ, ಎಲ್ಲಾ ಸ್ಕ್ರೂ ಹಾಕಿ. ಆರರಲ್ಲಿ ನಾಲ್ಕು ಸ್ಕ್ರೂ ಹಾಕಿ ಬಿಟ್ಟ ಪ್ಲೇಟ್ ನಾನು ಎಷ್ಟೋ ಕಂಡಿದ್ದೇನೆ.

ಒಂದು ಜಾತಿಯ ಡಬ್ಬಿಯನ್ನು ಮಾತ್ರ ಮುಟ್ಟಲೇಬೇಡಿ. ಅದು ಫ್ಲೇಮ್‌ಪ್ರೂಫ್ ಡಬ್ಬಿ. ಡಿಸ್ಟಿಲರಿ, ಪೆಟ್ರೋಲ್ ಬಂಕ್, ಸ್ಪಿರಿಟ್ ಟ್ಯಾಂಕ್ ಇರುವ ಕಡೆ ಕಾಣುವ ದಪ್ಪ ಎರಕದ ಡಬ್ಬಿ ಅದು. ಅದಕ್ಕೆ ಸೈಟಿನಲ್ಲಿ ತೂತು ಹೊಡೆದರೆ ಸರ್ಟಿಫಿಕೇಟ್ ಹೋಯಿತು. ಒಳಗೆ ಆದ ಸ್ಫೋಟವನ್ನು ಒಳಗೇ ತಡೆಯುವುದು ಅದರ ಕೆಲಸ, ನಿಮ್ಮ ತೂತಿನಿಂದ ಬೆಂಕಿ ಹೊರಗೆ ಬರಬಹುದು. ಸಕ್ಕರೆ ಕಾರ್ಖಾನೆಯಲ್ಲಿ ಬಗಾಸ್ (ಕಬ್ಬಿನ ಸಿಪ್ಪೆ) ಪುಡಿ ಹಾರುವ ಜಾಗದಲ್ಲೂ ಕೇಳಿ ತಿಳಿದುಕೊಳ್ಳದೆ ಡ್ರಿಲ್ ಎತ್ತಬೇಡಿ, ಅದು ಹೊತ್ತಿಕೊಳ್ಳುವ ಪುಡಿ.

ಇನ್ನು ಕರೆಂಟ್. ಈ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ ಮಾಡುವಂಥದ್ದು. ಹೊಲದಲ್ಲಿ "ಈಗ ತ್ರೀ ಫೇಸ್ ಇಲ್ಲ, ಬೇಗ ಹೊಡೆದು ಬಿಡೋಣ" ಅಂತ ಕೈ ಹಾಕುವವರನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ ಅನ್ನುತ್ತದೆ. ಪಾಳಿಯ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು, ಸ್ಟಾರ್ಟರ್‌ಗೆ ಆಟೋ ಹಾಕಿದ್ದರೆ ಬಂದ ತಕ್ಷಣ ತಾನೇ ಎಳೆದುಕೊಳ್ಳುತ್ತದೆ. ಮೀಟರ್ ಕಡೆಯ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ, ಮೇನ್ ಸ್ವಿಚ್‌ಗೆ ಬೀಗ ಹಾಕಿ. ಪ್ಯಾನೆಲ್ ಒಳಗಿನ ಬ್ರೇಕರ್ ಆಫ್ ಮಾಡಿದರೂ ಅದರ ಮೇಲಿನ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಮರೆಯಬೇಡಿ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಚ್ಚಿ ಸರಿ ಇದೆ ಅಂತ ನೋಡಿ, ಆಮೇಲೆ ಇಲ್ಲಿ ಹಚ್ಚಿ, ಮತ್ತೆ ಅಲ್ಲಿ ಹಚ್ಚಿ ನೋಡಿ. ಸಿಂಗಲ್ ಫೇಸ್ ಸ್ಟಾರ್ಟರ್‌ನ ಕೆಪಾಸಿಟರ್‌ನಲ್ಲಿ, ಡ್ರೈವ್ (ಮೋಟರಿನ ಸ್ಪೀಡ್ ಬದಲಿಸುವ ಸಾಧನ) ಇದ್ದರೆ ಅದರ ಒಳಗೆ, ಕರೆಂಟ್ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ. ಡ್ರೈವ್ ಮೇಲೆ ಎಷ್ಟು ನಿಮಿಷ ಕಾಯಬೇಕು ಅಂತ ಬರೆದಿರುತ್ತಾರೆ, ಅಷ್ಟು ಕಾಯಿರಿ.

ಎಲ್ಲಿ, ಎಷ್ಟು ದೊಡ್ಡದು

ತಳ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಪಕ್ಕ, ಅದೂ ಕೆಳಗಿನ ಭಾಗದಲ್ಲಿ. ತಲೆ ಬೇಡ. ಮೇಲಿಂದ ಬರುವ ಕೇಬಲ್ ಇದ್ದರೂ ಪಕ್ಕದಿಂದ ಕೆಳಗೆ ಇಳಿಸಿ, ತಳದ ಕೆಳಗೆ ಒಂದು ಬಾಗು ಕೊಟ್ಟು, ಅಲ್ಲಿಂದ ಮೇಲಕ್ಕೆ ಒಳಗೆ ತನ್ನಿ. ಕೇಬಲ್ ಹಿಡಿದು ಬಂದ ನೀರು ಬಾಗಿನ ತುದಿಯಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಕರೆಂಟ್ ಇರುವ ಬರಿ ಭಾಗಗಳಿಗಿಂತ ಮೇಲಿನ ಎತ್ತರದಲ್ಲಿ ಪೈಪ್ ಒಳಗೆ ಬಂದರೆ ಒದ್ದೆ ಜಾಗದ ಫಿಟಿಂಗನ್ನೇ ಹಾಕಬೇಕು ಅಂತ ಅಮೆರಿಕದ ವೈರಿಂಗ್ ಕೋಡ್ ಕೂಡ ಹೇಳುತ್ತದೆ, ಕಾರಣ ಇದೇ, ಮೇಲಿಂದ ಬಿದ್ದ ಹನಿ ಎಲ್ಲಿ ಬೀಳುತ್ತದೆ ಅನ್ನುವುದು. ಜಾಗ ಗುರುತು ಮಾಡುವಾಗ ಒಳಗಡೆ ಲಾಕ್‌ನಟ್ ಕೂರಲು, ಸ್ಪ್ಯಾನರ್ ತಿರುಗಲು ಜಾಗ ಇದೆಯಾ, ತಗಡು ಮಡಚಿದ ಅಂಚಿಗೆ ವಾಷರ್ ತಾಗುತ್ತದಾ ನೋಡಿ. ಮಡಚಿನ ಮೇಲೆ ಕೂತ ವಾಷರ್ ಸೀಲ್ ಆಗುವುದಿಲ್ಲ.

ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. ಎಂ20 ಗ್ಲ್ಯಾಂಡಿಗೆ 20.5 ಎಂಎಂ ತೂತು, ಎಂ25ಕ್ಕೆ 25.5, ಎಂ32ಕ್ಕೆ 32.5. ಅರ್ಧ ಎಂಎಂ ಸಡಿಲ ಸಾಕು. ಎರಡು ಎಂಎಂ ದೊಡ್ಡದಾದರೆ ಒಳಗಿನ ಓ-ರಿಂಗ್ ತೂತಿನೊಳಗೆ ಸರಿದು ಬಿಡುತ್ತದೆ, ಗ್ಲ್ಯಾಂಡ್ ಒಂದು ಬದಿಗೆ ಕೂರುತ್ತದೆ. ಇಂಚಿನ ಲೆಕ್ಕದ ಗ್ಲ್ಯಾಂಡ್ ಇದ್ದರೆ ಇನ್ನೂ ಹುಷಾರು. ಮುಕ್ಕಾಲು ಇಂಚು ಅಂದರೆ 19 ಎಂಎಂ ತಾನೇ ಅಂತ ಹೊಡೆದರೆ ಗ್ಲ್ಯಾಂಡ್ ಒಳಗೇ ಹೋಗದು. ಮುಕ್ಕಾಲು ಅನ್ನುವುದು ಪೈಪಿನ ಹೆಸರು, ಬಿಎಸ್‌ಪಿ ಥ್ರೆಡ್ಡಿನ ಹೊರ ಅಳತೆ 26.4 ಎಂಎಂ. ಅರ್ಧ ಇಂಚಿನದು ಸುಮಾರು 21, ಒಂದು ಇಂಚಿನದು 33 ಎಂಎಂ ಮೇಲೆ. ಹಳೆಯ ಪಿಜಿ13.5 ಗ್ಲ್ಯಾಂಡಿನ ಹೊರ ಅಳತೆ 20.4 ಎಂಎಂ. ನೋಡಿದರೆ ಎಂ20 ಥರಾನೇ ಕಾಣುತ್ತದೆ, ಆದರೆ ಒಂದರ ನಟ್ ಇನ್ನೊಂದಕ್ಕೆ ಸರಿಯಾಗಿ ಕೂರದು. ಬಲವಂತ ಮಾಡಿ ಕೂರಿಸಿದ ನಟ್ ಸ್ವಲ್ಪ ದಿನಕ್ಕೆ ಸಡಿಲ ಆಗಿಯೇ ಆಗುತ್ತದೆ. ವರ್ನಿಯರ್ ಹಚ್ಚಿ ಅಳೆದು ಆಮೇಲೆ ಹೊಡೆಯಿರಿ.

ಹೊಡೆಯುವ ಕೆಲಸ

ಸೆಂಟರ್ ಪಂಚ್ ಹೊಡೆದು, ಸಣ್ಣ ಪೈಲಟ್ ತೂತು ಮಾಡಿ, ಆಮೇಲೆ ದೊಡ್ಡದು. ತೆಳ್ಳನೆಯ ತಗಡಿಗೆ ಸ್ಟೆಪ್ ಡ್ರಿಲ್ ಚೆನ್ನಾಗಿ ಕೆಲಸ ಮಾಡುತ್ತದೆ, 20.5, 25.5, 32.5 ಮೆಟ್ಟಿಲು ಇರುವಂಥದ್ದೇ ಸಿಗುತ್ತದೆ. ದೊಡ್ಡ ತೂತಿಗೆ ಹೋಲ್ ಸಾ, ನಿಧಾನ ಸ್ಪೀಡ್, ಎರಡು ಹನಿ ಕಟಿಂಗ್ ಆಯಿಲ್. ಕೈಗೆ ಎಟುಕಿದರೆ ನಾಕ್‌ಔಟ್ ಪಂಚ್ ತಗೊಳ್ಳಿ. ಪೈಲಟ್ ತೂತಿಗೆ ಬೋಲ್ಟ್ ಹಾಕಿ ಸ್ಪ್ಯಾನರ್‌ನಿಂದ ಬಿಗಿದರೆ ತಗಡನ್ನು ಬಿಲ್ಲೆ ಥರ ಕತ್ತರಿಸಿ ತೆಗೆಯುತ್ತದೆ. ಅಂಚು ನೀಟು, ಚೂರು ಹಾರುವುದಿಲ್ಲ, ತಗಡು ಸೊಟ್ಟ ಆಗುವುದಿಲ್ಲ. ತಿಂಗಳಿಗೆ ನಾಲ್ಕೈದು ಪ್ಯಾನೆಲ್ ಮುಟ್ಟುವವರು ಇದನ್ನು ಕೊಂಡುಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ಗ್ಯಾಸ್ ಕಟ್ಟರ್, ವೆಲ್ಡಿಂಗ್ ರಾಡ್‌ನಿಂದ ಸುಟ್ಟು ತೂತು ಮಾಡುವುದು ಮಾತ್ರ ಬೇಡವೇ ಬೇಡ. ಅಂಥ ಅಂಚಿನ ಮೇಲೆ ಯಾವ ವಾಷರೂ ಕೂರುವುದಿಲ್ಲ.

ಡ್ರಿಲ್ ಹಚ್ಚುವ ಮುಂಚೆ ಒಳಗಿನ ಸಾಮಾನಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚನ್ನು ಟೇಪ್ ಹಾಕಿ ಅಂಟಿಸಿ. ಡ್ರಿಲ್ ಬಿಟ್ ಹೊರಬೀಳುವ ಕಡೆ ಒಂದು ಮ್ಯಾಗ್ನೆಟ್ ಇಟ್ಟರೆ ಬಹಳಷ್ಟು ಚೂರು ಅದಕ್ಕೇ ಹಿಡಿಯುತ್ತದೆ. ಉಳಿದದ್ದನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಬ್ಲೋವರ್ ಬೇಡ. ಬ್ಲೋವರ್ ಊದಿದರೆ ಕಬ್ಬಿಣದ ಚೂರು ಹಾರಿ ಕಾಂಟ್ಯಾಕ್ಟರ್ ಒಳಗೆ, ಟರ್ಮಿನಲ್ ಸಂದಿಗೆ ಹೋಗಿ ಕೂರುತ್ತದೆ, ನೀವು ಮನೆಗೆ ಹೋದ ಮೇಲೆ ಯಾವತ್ತೋ ಒಂದು ದಿನ ಶಾರ್ಟ್ ಮಾಡುತ್ತದೆ.

ತೂತು ಆದ ಮೇಲೆ ಬೆರಳಿನ ತುದಿಯಿಂದ ಮೆಲ್ಲಗೆ ಸವರಿ ನೋಡಿ, ಒಳಗೂ ಹೊರಗೂ. ಎದ್ದು ನಿಂತಿರುವ ಚೂಪು ಅಂಚು ರಬ್ಬರ್ ವಾಷರನ್ನು ಕೊಯ್ಯುತ್ತದೆ. ರೌಂಡ್ ಫೈಲ್‌ನಿಂದ ತಿಕ್ಕಿ ನುಣುಪು ಮಾಡಿ. ಆಮೇಲೆ ಆ ಬರಿ ಅಂಚಿಗೆ ಜಿಂಕ್ ಪ್ರೈಮರ್, ಮೇಲೆ ಟಚ್‌ಅಪ್ ಪೇಂಟ್. ಇದನ್ನು ಯಾರೂ ಮಾಡುವುದಿಲ್ಲ. ಪೌಡರ್ ಕೋಟಿಂಗ್ ಅಡಿಗೆ ತುಕ್ಕು ಹೊಕ್ಕರೆ ಪದರ ಪದರವಾಗಿ ಏಳುತ್ತದೆ, ವಾಷರ್ ಅಡಿಯ ಸಮ ಜಾಗ ಉಬ್ಬುತ್ತದೆ, ಎರಡನೇ ಮಳೆಗಾಲಕ್ಕೆ ಅಲ್ಲಿಂದ ನೀರು. ಪೇಂಟ್ ಒಣಗುವ ತನಕ ಒಂದು ಚಹಾ ಕುಡಿದು ಬನ್ನಿ.

ಗ್ಲ್ಯಾಂಡ್ ಕೂಡಿಸುವುದು

ಗ್ಲ್ಯಾಂಡ್ ತಗೊಳ್ಳುವಾಗ ಎರಡು ನೋಡಿ. ಒಂದು, ಅದರ ಐಪಿ ನಂಬರ್ ಡಬ್ಬಿಯ ನಂಬರಿಗಿಂತ ಕಡಿಮೆ ಇರಬಾರದು. ಎರಡು, ನಿಮ್ಮ ಕೇಬಲ್‌ನ ಹೊರ ಅಳತೆ ಗ್ಲ್ಯಾಂಡಿನ ರೇಂಜ್ ಒಳಗೆ ಬರಬೇಕು. 10ರಿಂದ 14 ಎಂಎಂ ಅಂತ ಬರೆದ ಗ್ಲ್ಯಾಂಡಿಗೆ 8 ಎಂಎಂ ಕೇಬಲ್ ಹಾಕಿ ಎಷ್ಟು ಬಿಗಿದರೂ ರಬ್ಬರ್ ಕೇಬಲನ್ನು ಹಿಡಿಯದು. ಕೇಬಲ್‌ಗೆ ಟೇಪ್ ಸುತ್ತಿ ದಪ್ಪ ಮಾಡುವ ಉಪಾಯ ನೀರನ್ನು ತಡೆಯುವುದಿಲ್ಲ, ಟೇಪಿನ ಪದರಗಳ ನಡುವೆಯೇ ನೀರು ದಾರಿ ಮಾಡಿಕೊಳ್ಳುತ್ತದೆ. ಆರ್ಮರ್ಡ್ ಕೇಬಲ್ (ಒಳಗೆ ಲೋಹದ ತಂತಿಯ ಕವಚ ಇರುವಂಥದ್ದು) ಬಯಲಿನಲ್ಲಿ ಬಂದರೆ ಡಬಲ್ ಕಂಪ್ರೆಷನ್ ಗ್ಲ್ಯಾಂಡ್ ಹಾಕಿ. ಅದು ಹೊರಗಿನ ಹೊದಿಕೆಯನ್ನೂ ಒಳಗಿನ ಹೊದಿಕೆಯನ್ನೂ ಎರಡು ಕಡೆ ಹಿಡಿಯುತ್ತದೆ. ಸಿಂಗಲ್ ಕಂಪ್ರೆಷನ್ ಮಳೆ ಧೂಳು ಇಲ್ಲದ ಒಳಮನೆಗೆ ಸಾಕು.

ಕೂಡಿಸುವ ಸಾಲು ಹೀಗೆ. ಗ್ಲ್ಯಾಂಡಿನ ದೇಹ ಹೊರಗಡೆ, ಅದಕ್ಕೂ ಡಬ್ಬಿಗೂ ನಡುವೆ ರಬ್ಬರ್ ಅಥವಾ ನೈಲಾನ್ ಸೀಲಿಂಗ್ ವಾಷರ್. ಒಳಗಡೆ ಲೋಹದ ಗ್ಲ್ಯಾಂಡ್ ಆಗಿದ್ದರೆ ಅರ್ಥ್ ಟ್ಯಾಗ್, ಹಲ್ಲಿನ ವಾಷರ್, ಲಾಕ್‌ನಟ್. ಸೀಲಿಂಗ್ ವಾಷರ್ ಒಳಗೆ ಹಾಕಿ ಹೊರಗೆ ಬರಿ ಲೋಹ ಬಿಟ್ಟವರನ್ನು ನೋಡಿದ್ದೇನೆ, ಆಗ ನೀರು ತೂತಿನ ಅಂಚಿನ ತನಕ ಬಂದು ನಿಲ್ಲುತ್ತದೆ, ತುಕ್ಕು ಅಲ್ಲಿಂದಲೇ ಶುರು. ಹಲ್ಲಿನ ವಾಷರ್ ಒಳಗಿನ ಪೇಂಟ್ ಕೆರೆದು ಲೋಹಕ್ಕೆ ತಾಗಬೇಕು, ಇಲ್ಲದಿದ್ದರೆ ಆರ್ಮರ್‌ಗೂ ಡಬ್ಬಿಗೂ ಅರ್ಥ್ ಕೂಡುವುದಿಲ್ಲ. ಮಲ್ಟಿಮೀಟರ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ. ಲಾಕ್‌ನಟ್ ಬಿಗಿಯುವಾಗ ಹೊರಗಿನ ದೇಹವನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದಿರಿ. ವಾಷರ್ ಅಂಚಿನಿಂದ ಸ್ವಲ್ಪ ಉಬ್ಬಿ ಹೊರಬಂದರೆ ಸಾಕು, ಚಪ್ಪಟೆಯಾಗಿ ಹರಿಯುವಷ್ಟು ಬೇಡ. ಕೇಬಲ್ ಗ್ಲ್ಯಾಂಡಿನೊಳಗೆ ನೆಟ್ಟಗೆ ಹೋಗಬೇಕು, ಬಾಯಿಯಲ್ಲೇ ಬಾಗಿಸಿದರೆ ರಬ್ಬರ್ ಒಂದು ಬದಿಗೆ ಒತ್ತಿ ಇನ್ನೊಂದು ಬದಿ ಸಂದಿ ಬಿಡುತ್ತದೆ.

ಸಬ್‌ಮರ್ಸಿಬಲ್ ಮೋಟರಿನ ಫ್ಲ್ಯಾಟ್ ಕೇಬಲ್ ವಿಷಯ ಇಲ್ಲಿ ಬಿಡಿಸಿ ಹೇಳಬೇಕು, ನಮ್ಮ ಕಡೆ ಹೊಲಗಳಲ್ಲೆಲ್ಲ ಇರುವ ಸಮಸ್ಯೆ ಇದೇ. ಗ್ಲ್ಯಾಂಡಿನ ರಬ್ಬರ್ ದುಂಡಗೆ, ಕೇಬಲ್ ಪಟ್ಟಿಯಂತೆ ಚಪ್ಪಟೆ. ಗ್ಲ್ಯಾಂಡ್ ಬಿಗಿದ ಮೇಲೆ ಒಳಗಡೆಯಿಂದ ಟಾರ್ಚ್ ಹಿಡಿದು ಹೊರಗೆ ನೋಡಿ, ಕೇಬಲ್‌ನ ಮೇಲೆ ಕೆಳಗೆ ಅರ್ಧ ಚಂದ್ರನ ಹಾಗೆ ಎರಡು ಬೆಳಕಿನ ಸಂದಿ ಕಾಣುತ್ತವೆ. ಅಲ್ಲಿಂದ ಇರುವೆ ಬರುತ್ತದೆ, ಹಲ್ಲಿ ಮರಿ ಬರುತ್ತದೆ, ಹಲ್ಲಿ ಎರಡು ಫೇಸ್ ನಡುವೆ ಸಿಕ್ಕಿಕೊಂಡು ಸ್ಟಾರ್ಟರ್ ಸುಟ್ಟದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಫ್ಲ್ಯಾಟ್ ಕೇಬಲ್‌ಗೆ ಫ್ಲ್ಯಾಟ್ ತೂತಿನ ರಬ್ಬರ್ ಇರುವ ಗ್ಲ್ಯಾಂಡ್ ಸಿಗುತ್ತದೆ, ಅದನ್ನೇ ತರಿಸಿ. ಸಿಗದಿದ್ದರೆ ಬೋರ್ ಬಾಯಿಯ ಹತ್ತಿರ ಒಂದು ಒಳ್ಳೆ ಜಂಕ್ಷನ್ ಬಾಕ್ಸ್ ಕೂಡಿಸಿ, ಫ್ಲ್ಯಾಟ್ ಕೇಬಲ್ ಅದಕ್ಕೆ ತಳದಿಂದ ಬರಲಿ, ಅಲ್ಲಿಂದ ಸ್ಟಾರ್ಟರ್ ತನಕ ದುಂಡು ಕೇಬಲ್ ಎಳೆಯಿರಿ. ಒಂದೇ ಗ್ಲ್ಯಾಂಡಿನಲ್ಲಿ ಎರಡು ಮೂರು ವೈರ್ ತೂರಿಸುವುದಕ್ಕೂ ಇದೇ ಮಾತು. ಅದಕ್ಕೆ ಬಹಳ ತೂತಿನ ರಬ್ಬರ್ ಇರುವ ಗ್ಲ್ಯಾಂಡ್ ಬೇರೆ ಬರುತ್ತದೆ.

ಪೈಪ್ ಹಾಕಿದರೆ ಸೀಲ್ ಆಯಿತು ಅನ್ನುವ ಭ್ರಮೆ

ಕಂಡ್ಯೂಟ್ ಪೈಪಿಗೆ ಅಡಾಪ್ಟರ್ ಹಾಕಿ, ವಾಷರ್ ಹಾಕಿ, ನಟ್ ಬಿಗಿದಿರಿ. ಪೈಪಿಗೂ ಡಬ್ಬಿಗೂ ನಡುವಿನ ಸಂದಿ ಮುಚ್ಚಿತು. ಪೈಪಿನ ಒಳಗಡೆ? ಅದು ತೆರೆದೇ ಇದೆ, ಅಲ್ವಾ. ಪೈಪಿನ ಇನ್ನೊಂದು ತುದಿ ಎಲ್ಲಿದೆ ನೋಡಿ. ಚಾವಣಿ ಮೇಲೆ ಬಾಯಿ ತೆರೆದಿದ್ದರೆ ಮಳೆ ನೀರು ಒಳಗೊಳಗೇ ಹರಿದು ಬರುತ್ತದೆ. ನೆಲದ ಚೇಂಬರ್‌ನಲ್ಲಿ ತೆರೆದಿದ್ದರೆ ಅಲ್ಲಿನ ಹಸಿ ಗಾಳಿ ಮೇಲೇರಿ ಡಬ್ಬಿಯ ತಣ್ಣನೆ ತಗಡಿಗೆ ತಾಗಿ ಬೆವರುತ್ತದೆ, ಮಳೆಯೇ ಇಲ್ಲದೆ ಒಳಗೆ ನೀರು ಕಾಣುವುದು ಇದರಿಂದಲೇ. ಡಬ್ಬಿಯ ಕಡೆ ಪೈಪಿನ ಬಾಯಿಯಲ್ಲಿ, ಕೇಬಲ್ ಸುತ್ತಲೂ, ಡಕ್ಟ್ ಸೀಲ್ ಅನ್ನುವ ಗಟ್ಟಿಯಾಗದ ಕಣಕದಂಥದ್ದನ್ನು ತುಂಬಿ. ಮುಂದೆ ವೈರ್ ಬದಲಿಸಬೇಕಾದರೆ ಕೈಯಿಂದಲೇ ತೆಗೆಯಬಹುದು. ಬರಿ ಜಿಐ ಫ್ಲೆಕ್ಸಿಬಲ್ ಪೈಪ್ ನೀರು ತಡೆಯುವುದಿಲ್ಲ, ಅದರ ಸುರುಳಿ ಸಂದಿಯಿಂದಲೇ ನೀರು ಹೋಗುತ್ತದೆ. ಪಿವಿಸಿ ಹೊದಿಕೆ ಇರುವುದನ್ನು, ಅದಕ್ಕೆಂದೇ ಮಾಡಿದ ಅಡಾಪ್ಟರ್ ಜೊತೆ ಹಾಕಿ.

ಬಯಲಿನ ದೊಡ್ಡ ಪ್ಯಾನೆಲ್‌ಗಳಲ್ಲಿ ಬೆವರು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಸಣ್ಣ ಸ್ಪೇಸ್ ಹೀಟರ್ ಹಾಕಿ, ತಳದ ಅತಿ ತಗ್ಗಿನ ಮೂಲೆಯಲ್ಲಿ ಐಪಿ ನಂಬರ್ ಇರುವ ಬ್ರೀದರ್ ಡ್ರೈನ್ ಪ್ಲಗ್ ಕೂಡಿಸಿ. "ನೀರು ಹೋಗಲಿ ಬಿಡಿ" ಅಂತ ತಳಕ್ಕೆ ಸುಮ್ನೆ ಒಂದು ತೂತು ಹೊಡೆಯುವವರೂ ಇದ್ದಾರೆ. ಆ ತೂತಿನಿಂದ ನೀರು ಹೋಗುವುದಕ್ಕಿಂತ ಜಾಸ್ತಿ ಇರುವೆ ಬರುತ್ತವೆ.

ಸಿಲಿಕಾನ್ ಬಗ್ಗೆ ಒಂದು ಮಾತು. ಸಿಲಿಕಾನ್ ಗ್ಲ್ಯಾಂಡಿಗೆ ಬದಲಿ ಆಗದು, ಎರಡು ಉಂಡೆ ಕಲೆಸಿ ಮೆತ್ತುವ ಪುಟ್ಟಿಯೂ ಬದಲಿ ಆಗದು. ಪುಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ತಗಡು ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ. ಸಿಲಿಕಾನ್ ಹಾಕಲೇಬೇಕಾದ ಕಡೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ತಗೊಳ್ಳಿ. ಒಣಗುವಾಗ ಹುಳಿ ವಿನಿಗರ್ ವಾಸನೆ ಬರುವ ಜಾತಿ ಅಸಿಟಿಕ್ ಆಸಿಡ್ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದು ತಾಮ್ರವನ್ನು ತಿನ್ನುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದನ್ನೇ ಒಂದು ಕಂಟ್ರೋಲ್ ಪ್ಯಾನೆಲ್‌ಗೆ ಹಚ್ಚಿ ಬಾಗಿಲು ಮುಚ್ಚಿ ಬಂದಿದ್ದೆ. ಕೆಲವು ತಿಂಗಳಿಗೆ ಟರ್ಮಿನಲ್‌ಗಳೆಲ್ಲ ಹಸಿರಾಗಿದ್ದವು, ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಆ ಪ್ಯಾನೆಲ್ ಇಂದಿಗೂ ಕಣ್ಣ ಮುಂದೆ ಇದೆ.

ಮರೆತು ಬಿಡುವ ತೂತುಗಳು

ಹಳೆ ಕೇಬಲ್ ತೆಗೆದ ಮೇಲೆ ಉಳಿದ ತೂತಿಗೆ ಕಾಟನ್ ವೇಸ್ಟ್ ತುರುಕುವುದು ನಮ್ಮಲ್ಲಿ ರೂಢಿ. ಅದು ನೀರು ಹೀರಿ ಒದ್ದೆಯಾಗೇ ಇರುತ್ತದೆ, ಇಲಿ ಎಳೆದುಕೊಂಡು ಹೋಗುತ್ತದೆ. ಅದೇ ಥ್ರೆಡ್, ಅದೇ ಐಪಿ ನಂಬರಿನ ಡಮ್ಮಿ ಪ್ಲಗ್ ಹಾಕಿ, ವಾಷರ್ ಸಮೇತ.

ಡಬ್ಬಿಯನ್ನು ಗೋಡೆಗೆ ಕೂಡಿಸಲು ಬೆನ್ನಿಗೆ ಹೊಡೆದ ತೂತೂ ತೂತೇ. ಹೊರಗಿನ ಲಗ್‌ಗಳಿಗೇ ಬೋಲ್ಟ್ ಹಾಕಿ. ಒಳಗಿಂದಲೇ ಹಾಕಬೇಕಾದರೆ ಸೀಲಿಂಗ್ ವಾಷರ್ ಬೇಕು. ಗೋಡೆಯ ಮೇಲೆ ಇಳಿದ ನೀರು ಬೆನ್ನ ಹಿಂದೆ ಸುಮ್ಮನೆ ಬರುತ್ತದೆ, ಯಾರ ಕಣ್ಣಿಗೂ ಬೀಳದು. ಬಾಗಿಲಿಗೆ ಹೊಸ ಪುಶ್ ಬಟನ್, ಇಂಡಿಕೇಟರ್ ಹಾಕುವಾಗ ಸುಮಾರು 22.5 ಎಂಎಂ ತೂತು ಸಾಕು, ಅದರ ಜೊತೆ ಬಂದ ರಬ್ಬರ್ ರಿಂಗ್ ಬಿಸಾಡಬೇಡಿ. ಡ್ರೈವ್ ಬಿಸಿಯಾಗುತ್ತದೆ ಅಂತ ಪಕ್ಕಕ್ಕೆ ಸಾಲು ತೂತು ಹೊಡೆದರೆ ಅಲ್ಲಿಗೆ ಐಪಿ ಮುಗಿಯಿತು. ಐಪಿ 54 ಫಿಲ್ಟರ್ ಫ್ಯಾನ್ ಹಾಕಿ, ಆದರೆ ಐಪಿ 55 ಡಬ್ಬಿ ಆಗ ಐಪಿ 54 ಆಗುತ್ತದೆ ಅನ್ನುವುದು ಗೊತ್ತಿರಲಿ.

ಪಾಲಿಕಾರ್ಬೊನೇಟ್ ಡಬ್ಬಿಗೆ ಡ್ರಿಲ್ ಒತ್ತಬೇಡಿ, ತಾನಾಗಿ ಇಳಿಯಲಿ. ನಟ್ ಜಾಸ್ತಿ ಬಿಗಿದರೆ ಬಿರುಕು. ಥಿನ್ನರ್ ಹಾಕಿ ಒರೆಸಿದರೂ ಬಿರುಕು ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಥ್ ತಾನಾಗಿ ಹರಿಯದು, ಲೋಹದ ಗ್ಲ್ಯಾಂಡ್‌ಗಳ ನಡುವೆ ಅರ್ಥ್ ವೈರ್ ಎಳೆಯಲೇಬೇಕು. ಫೈಬರ್ ಡಬ್ಬಿ ಕೊರೆಯುವಾಗ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಸ್ಟೀಲ್ ಡಬ್ಬಿಗೆ ಸ್ಟೀಲಿನದೇ ಅಥವಾ ನಿಕ್ಕಲ್ ಹೊದಿಸಿದ ಹಿತ್ತಾಳೆ ಗ್ಲ್ಯಾಂಡ್ ಹಾಕಿ, ಸಾದಾ ಕಬ್ಬಿಣದ ನಟ್ ಬೇಡ. ಇನ್ನೊಂದು, ಇದು ನೀರಿನದ್ದಲ್ಲ ಆದರೂ ತೂತಿನದ್ದೇ. ದೊಡ್ಡ ಲೋಡಿನ ಸಿಂಗಲ್ ಕೋರ್ ಕೇಬಲ್‌ಗಳನ್ನು ಕಬ್ಬಿಣದ ಪ್ಲೇಟಿನಲ್ಲಿ ಒಂದೊಂದು ತೂತಿನಿಂದ ಒಂದೊಂದು ಫೇಸ್ ತರಬೇಡಿ. ಎಡ್ಡಿ ಕರೆಂಟಿಗೆ (ಪ್ಲೇಟಿನೊಳಗೇ ಸುತ್ತುವ ಕರೆಂಟ್) ಪ್ಲೇಟ್ ಕಾದು ರಬ್ಬರ್ ಸುಟ್ಟು ಹೋಗುತ್ತದೆ. ಅಲ್ಯೂಮಿನಿಯಂ ಗ್ಲ್ಯಾಂಡ್ ಪ್ಲೇಟ್ ಹಾಕಿ.

ಮುಗಿದ ಮೇಲೆ

ಸಂಜೆ ಕತ್ತಲಾದ ಮೇಲೆ, ಕರೆಂಟ್ ಇನ್ನೂ ಆಫ್ ಇರುವಾಗಲೇ, ಜೋರು ಟಾರ್ಚ್ ಒಳಗಿಟ್ಟು ಬಾಗಿಲು ಮುಚ್ಚಿ ಸುತ್ತ ಒಂದು ಸುತ್ತು ಬನ್ನಿ. ಬೆಳಕು ಕಂಡ ಕಡೆ ಸಂದಿ ಇದೆ. ಬಾಗಿಲಿಗೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದು ನೋಡಿ, ಸುಲಭವಾಗಿ ಜಾರಿ ಬಂದರೆ ಗ್ಯಾಸ್ಕೆಟ್ ಅಲ್ಲಿ ಒತ್ತುತ್ತಿಲ್ಲ. ಬಾಗಿಲ ಅಂಚಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ತೆಗೆದರೆ ರಬ್ಬರ್ ಮೇಲೆ ಗೆರೆ ಬೀಳುತ್ತದೆ, ಗೆರೆ ತುಂಡಾದ ಜಾಗ ಗುರುತು ಮಾಡಿಕೊಳ್ಳಿ. ಬಯಲಿನ ಡಬ್ಬಿಯಾದರೆ ಕರೆಂಟ್ ಬಿಡುವ ಮುಂಚೆ ಹೊಸ ಗ್ಲ್ಯಾಂಡಿನ ಸುತ್ತ ಮೂರು ನಿಮಿಷ ಪೈಪಿನಿಂದ ನೀರು ಬಿಟ್ಟು, ಹೊರಗೆ ಒರೆಸಿ, ಬಾಗಿಲು ತೆಗೆದು, ಒಣ ಟಿಶ್ಯೂ ಕಾಗದದಿಂದ ಲಾಕ್‌ನಟ್ ಸುತ್ತ ಒತ್ತಿ ನೋಡಿ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಸರ್ಟಿಫಿಕೇಟ್ ಕೊಡುವುದಿಲ್ಲ, ಆದರೆ ಮಾಡಿದ ತಪ್ಪು ಇದ್ದರೆ ಅವತ್ತೇ ತೋರಿಸುತ್ತದೆ.

ಕಾಕಾನ ಡಬ್ಬಿಯಲ್ಲಿ ತಲೆಯ ತೂತಿಗೆ ಪ್ಲಗ್ ಹಾಕಿ, ಫ್ಲೋಟ್ ವೈರನ್ನು ತಳದಿಂದ ಎಂ20 ಗ್ಲ್ಯಾಂಡಿನಲ್ಲಿ ತಂದೆ. ಬಾಗಿಲ ಒಳಬದಿಗೆ ಮಾರ್ಕರ್‌ನಿಂದ ತಾರೀಖು, ಗ್ಲ್ಯಾಂಡ್ ಸೈಜ್, ಯಾವ ಕೇಬಲ್ ಅಂತ ಬರೆದೆ. ರಬ್ಬರ್ ಕೂತ ಮೇಲೆ ನಟ್ ಸ್ವಲ್ಪ ಸಡಿಲ ಆಗುತ್ತದೆ, ಹಾಗಾಗಿ ಒಂದು ತಿಂಗಳಿಗೆ ಹೋಗಿ ಫ್ಯೂಸ್ ಕಿತ್ತು ಒಂದು ಕಾಲು ಸುತ್ತು ಬಿಗಿದು ಬಂದೆ. ಇನ್ನು ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಒಂದು ಸಲ ನೋಡಬೇಕು.